ಸಕ್ಕರೆ ಮನೆತನ

ನಮ್ಮ ಕಡೆ ಹೆಣ್ಣು ನೋಡಲು ಬರುವವರು ಮೊದಲು ಮನೆತನ ಕೇಳುತ್ತಿದ್ದರು, ಹೊಲ ಎಷ್ಟೆಂದು ಕೇಳುತ್ತಿದ್ದರು, ಆಮೇಲೆ ನೌಕರಿ ಕೇಳತೊಡಗಿದರು. ಈಗೀಗ ಚಹಾ ಕುಡಿದು ಕಪ್ಪು ಕೆಳಗಿಡುವಾಗ ಇನ್ನೊಂದು ಪ್ರಶ್ನೆ ಬರುತ್ತದೆ: ‘ನಿಮ್ಮ ಮನ್ಯಾಗ ಯಾರಿಗರೆ ಶುಗರ್ ಐತೇನ್ರಿ?’ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳಲ್ಲಿ ಹರಡಿಕೊಂಡಿರುವ ನಮ್ಮ ಬಳಗ ಈ ಪ್ರಶ್ನೆಗೆ ಸುಳ್ಳು ಹೇಳುವಂತಿಲ್ಲ. ಹೇಳಿದರೂ ನಡೆಯದು, ಊರಿಗೆಲ್ಲ ಗೊತ್ತಿರುವ ಸಂಗತಿ.

ಕಿತ್ತೂರಿನಲ್ಲಿರುವ ನಾವಿಬ್ಬರೂ ಮಾಸ್ತರಿಕೆ ಮಾಡಿ ನಿವೃತ್ತರಾದವರು. ದೊಡ್ಡಣ್ಣನದು ಬೈಲಹೊಂಗಲದ ಪೇಟೆಯಲ್ಲಿ ಅಡತಿ ಅಂಗಡಿ. ಅಕ್ಕನನ್ನು ಸವದತ್ತಿ ತಾಲೂಕಿನ ಒಂದು ಹಳ್ಳಿಗೆ ಕೊಟ್ಟಿದೆ. ಕೊನೆಯ ತಂಗಿ ರಾಮದುರ್ಗದ ಒಂದು ಮಗ್ಗದ ಮನೆ ಸೇರಿದವಳು. ಅವ್ವನಿಗೆ ಶುಗರ್ ಇತ್ತು, ಕೊನೆಕೊನೆಗೆ ಕಣ್ಣು ಕಾಣದಾಯಿತು. ಅಣ್ಣನಿಗೆ ನಲವತ್ತೆರಡಕ್ಕೇ ಬಂತು. ನಮ್ಮಿಬ್ಬರಲ್ಲಿ ಒಬ್ಬರಿಗೆ ಐವತ್ತು ದಾಟಿದ ಮೇಲೆ. ತಂಗಿ ಗಡಿಯ ಮೇಲೆ ನಿಂತಿದ್ದಾಳೆ. ಅಕ್ಕನಿಗೆ ಮಾತ್ರ ಅರವತ್ತೈದಾದರೂ ಇಲ್ಲ. ‘ಸಕ್ಕರೆ ಮನೆತನದವರು’ ಎಂದು ನಮ್ಮನ್ನು ಬೀಗರು ಚೇಷ್ಟೆ ಮಾಡುವುದುಂಟು. ಕಬ್ಬಿನ ಸೀಮೆಯಲ್ಲಿ ಅದು ಗೌರವದ ಹೆಸರೇ ಎಂದು ಅಣ್ಣ ನಗುತ್ತಾನೆ.

ಎರಡು ವರ್ಷದ ಹಿಂದೆ ನಮ್ಮ ಮಗಳಿಗೆ ಒಂದು ಸಂಬಂಧ ಬಂತು. ಹುಡುಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದವನು. ಮನೆಯವರು ಓದಿದವರು, ಮಾತಿನಲ್ಲಿ ಮರ್ಯಾದೆಯುಳ್ಳವರು. ನಮ್ಮ ಉತ್ತರ ಕೇಳಿದ ಮೇಲೆ ಹುಡುಗನ ತಂದೆ ಮೆಲ್ಲಗೆ ಹೇಳಿದರು: ‘ತಪ್ಪು ತಿಳೀಬ್ಯಾಡ್ರಿ ಮಾಸ್ತರ. ಈಗ ಜೀನ್ ಟೆಸ್ಟ್ ಅಂತ ಬಂದೈತಿ. ಒಂದು ನಳಿಕ್ಯಾಗ ಉಗುಳಿ ಕಳಿಸಿದ್ರ ಮುಂದ ಶುಗರ್ ಬರತೈತೋ ಇಲ್ಲೋ ಗೊತ್ತಾಗತೈತಿ. ಒಂದ್ಸಲ ಮಾಡಿಸಿಬಿಡ್ರಿ, ಎಲ್ಲಾರಿಗೂ ಸಮಾಧಾನ.’

ನಾವು ಬೇಡವೆಂದೆವು. ಮಗಳು ‘ಅದರಾಗ ಏನೈತಿ ನೋಡೂಣು’ ಎಂದು ತಾನೇ ದುಡ್ಡು ಕಟ್ಟಿ ಡಬ್ಬಿ ತರಿಸಿದಳು. ಕೆಲವು ವಾರಗಳ ಮೇಲೆ ಬಂದ ವರದಿ ಮದುವೆಯ ಲಗ್ನಪತ್ರಿಕೆಗಿಂತ ನುಣುಪಾದ ಹಾಳೆಯದು. ಅದರ ನಾಲ್ಕನೆಯ ಪುಟದಲ್ಲಿ ಕೆಂಪು ಅಕ್ಷರದಲ್ಲಿ ‘ಮಧುಮೇಹ: ಅಪಾಯ ಹೆಚ್ಚು’ ಎಂದಿತ್ತು. ಕಾರಣ, ಟಿಸಿಎಫ್7ಎಲ್2 ಎಂಬ ವಂಶವಾಹಿಯ ಒಂದು ಜಾಗದಲ್ಲಿ ಅವಳ ಒಂದು ಪ್ರತಿಯಲ್ಲಿ ‘ಸಿ’ ಬದಲು ‘ಟಿ’ ಇದೆ. ಇಪ್ಪತ್ತಾರು ವರ್ಷದ, ದಿನಾ ಬೆಳಿಗ್ಗೆ ಎದ್ದು ಬಸ್ಸು ಹಿಡಿದು ಶಾಲೆಗೆ ಹೋಗಿ ಪಾಠ ಹೇಳುವ ಹುಡುಗಿಯ ಬಾಳಿನ ಮೇಲೆ ಒಂದು ಅಕ್ಷರದ ತೀರ್ಪು!

ಆ ಅಕ್ಷರ ಎಲ್ಲಿಂದ ಬಂತು, ಅದನ್ನು ಹಿಡಿದವರು ಯಾರು ಎಂದು ತಿಳಿಯುವ ಹಟ ನಮಗೆ ಆಗ ಹುಟ್ಟಿತು. ಮಾಸ್ತರಿಕೆಯ ಚಾಳಿ ಬಿಡುವುದೇ?

ವಂಶವಾಹಿಯ ಲಿಪಿಯಲ್ಲಿ ನಾಲ್ಕೇ ಅಕ್ಷರ. ಸುಮಾರು ಮುನ್ನೂರು ಕೋಟಿ ಅಕ್ಷರಗಳ ಆ ಗ್ರಂಥ ಮನುಷ್ಯರೆಲ್ಲರಲ್ಲಿ ಬಹುಪಾಲು ಒಂದೇ. ತಂದೆಯಿಂದ ಒಂದು ಪ್ರತಿ, ತಾಯಿಯಿಂದ ಒಂದು ಪ್ರತಿ. ಅಲ್ಲಲ್ಲಿ ಮಾತ್ರ ಒಬ್ಬರಲ್ಲಿ ಒಂದಕ್ಷರವಿದ್ದರೆ ಇನ್ನೊಬ್ಬರಲ್ಲಿ ಬೇರೆ. ಇಂಥ ವ್ಯತ್ಯಾಸಗಳಲ್ಲಿ ಕೆಲವು ಲಕ್ಷಕ್ಕೊಬ್ಬರಲ್ಲಿ ಇರುತ್ತವೆ, ಕೆಲವು ಸಂತೆಗೆ ಬಂದ ಮಂದಿಯಲ್ಲಿ ಎಲ್ಲಿ ನೋಡಿದರೂ ಸಿಗುತ್ತವೆ. ಎರಡನೆಯ ಬಗೆಯವೇ ಸಾಮಾನ್ಯ ವ್ಯತ್ಯಾಸಗಳು. ಸಾಮಾನ್ಯ ರೋಗಗಳಿಗೆ ಇಂಥ ಸಾಮಾನ್ಯ ವ್ಯತ್ಯಾಸಗಳೇ ಕಾರಣವಾಗಿರಬಹುದೇ ಎಂಬ ಪ್ರಶ್ನೆಯ ಬೆನ್ನು ಹತ್ತಿ 2006ರಲ್ಲಿ ಐಸ್‌ಲ್ಯಾಂಡಿನ ಡಿಕೋಡ್ ಸಂಸ್ಥೆಯವರು ಹತ್ತನೆಯ ವರ್ಣತಂತುವಿನ ಮೇಲಿನ ಈ ಟಿಸಿಎಫ್7ಎಲ್2 ಅನ್ನು ಎತ್ತಿ ತೋರಿಸಿದರು. ಮೇದೋಜೀರಕ ಗ್ರಂಥಿ ಇನ್ಸುಲಿನ್ ಸುರಿಸುವ ಕೆಲಸ ಇದರಿಂದ ಸ್ವಲ್ಪ ಮಂದವಾಗುತ್ತದೆ. ಮರುವರ್ಷ, 2007ರಲ್ಲಿ, ಹೈದರಾಬಾದಿನ ಸಿಸಿಎಂಬಿಯ ಗಿರಿರಾಜ ಚಾಂಡಕ್ ಮತ್ತು ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ್ ಅವರ ತಂಡ ಭಾರತೀಯರಲ್ಲೂ ಇದು ನಿಜವೇ ಎಂದು ಪರೀಕ್ಷಿಸಿತು. ನಿಜವೆಂದು ಕಂಡಿತು. ಅದೇ ವರ್ಷ ಚೆನ್ನೈಯಿಂದಲೂ ಅಂಥದೇ ವರದಿ ಬಂತು.

ಪರೀಕ್ಷಿಸುವುದು ಎಂದರೇನು? ಕೇಳಲು ಸರಳ. ಶುಗರ್ ಇರುವ ಸಾವಿರ ಜನ, ಇಲ್ಲದ ಸಾವಿರ ಜನ, ಎರಡೂ ಕಡೆ ‘ಟಿ’ ಎಷ್ಟಿದೆ ಎಂದು ಎಣಿಸುವುದು. ಒಂದು ಕಡೆ ಎದ್ದು ಕಾಣುವಷ್ಟು ಹೆಚ್ಚಿದ್ದರೆ ಆ ಅಕ್ಷರಕ್ಕೂ ರೋಗಕ್ಕೂ ನಂಟಿದೆ. ಆದರೆ ಇದರಲ್ಲಿ ಹೊಂಡಗಳು ಬಹಳ. ನಮ್ಮ ಸೀಮೆಯನ್ನೇ ತೆಗೆದುಕೊಳ್ಳಿ. ರೋಗಿಗಳನ್ನು ಬೈಲಹೊಂಗಲದ ಪೇಟೆಯಿಂದ ಆರಿಸಿ, ಆರೋಗ್ಯವಂತರನ್ನು ಸವದತ್ತಿಯ ಗುಡ್ಡದ ಕಡೆಯ ಕುರಿಗಾರರಿಂದ ಆರಿಸಿದರೆ ಏನಾದೀತು? ಇಲ್ಲಿ ಒಬ್ಬರ ಮನೆಗೆ ಒಬ್ಬರು ಹೆಣ್ಣು ಕೊಡದ ಕುಲಗಳು ಎಷ್ಟೊಂದು. ಲಿಂಗಾಯತರೊಳಗೇ ಹತ್ತಾರು ಪಂಗಡ. ಕುರುಬರು, ನೇಕಾರರು, ಮರಾಠರು, ಜೈನರು, ಮುಸಲ್ಮಾನರು, ಅವರೊಳಗೆ ಮತ್ತೆ ಪಿಂಜಾರರು, ದಲಿತರು. ಶತಮಾನಗಳಿಂದ ತಮ್ಮತಮ್ಮೊಳಗೇ ಮದುವೆಯಾದವರ ಅಕ್ಷರಗಳು ರೋಗಕ್ಕೆ ಸಂಬಂಧವೇ ಇಲ್ಲದೆ ಬೇರೆಬೇರೆಯಾಗಿರುತ್ತವೆ. ಸಿಸಿಎಂಬಿಯ ಲಾಲ್‌ಜಿ ಸಿಂಗ್ ಮತ್ತು ತಂಗರಾಜ್ ಅವರು ಹಾರ್ವರ್ಡಿನವರ ಜೊತೆ ಸೇರಿ 2009ರಲ್ಲಿ ಇದನ್ನೇ ತೋರಿಸಿಕೊಟ್ಟರು. ಹಾಗಾಗಿ ಪೇಟೆಗೂ ಗುಡ್ಡಕ್ಕೂ ಹೋಲಿಸಿದರೆ ಸಿಗುವುದು ಜಾತಿಯ ವ್ಯತ್ಯಾಸವೇ ಹೊರತು ಶುಗರಿನದಲ್ಲ.

ಇನ್ನೊಂದು ಹೊಂಡ ವಯಸ್ಸಿನದು. ಇಪ್ಪತ್ತೈದರ ಹುಡುಗನನ್ನು ‘ಶುಗರ್ ಇಲ್ಲದವನು’ ಎಂದು ಬರೆದುಕೊಂಡರೆ ಅವನಿಗೆ ನಲವತ್ತೈದಕ್ಕೆ ಬರುವುದಿಲ್ಲವೆಂದು ಯಾರು ಹೇಳಬೇಕು? ಅದಕ್ಕೇ ‘ಇಲ್ಲದವರು’ ಎಂಬ ಪಟ್ಟಿಗೆ ವಯಸ್ಸಾದವರು ಬೇಕು. ಬಾಯಿಮಾತು ನಂಬದೆ 75 ಗ್ರಾಂ ಗ್ಲೂಕೋಸು ಕುಡಿಸಿ ಎರಡು ತಾಸಿನ ಮೇಲೆ ರಕ್ತ ನೋಡಬೇಕು. ಆದ್ದರಿಂದ ಅಕ್ಕನಂಥವರು ಇಂಥ ಸಂಶೋಧಕರಿಗೆ ಬಂಗಾರ. ಅವಳಿಗೆ ಹೇಳಿದೆವು. ‘ಬಂಗಾರ ಆದ್ರ ತೂಕಾ ಮಾಡಿ ರೊಕ್ಕಾ ಕೊಡ್ರಿ’ ಎಂದಳು.

ಇಷ್ಟೆಲ್ಲ ಎಚ್ಚರ ವಹಿಸಿ ಕಂಡುಕೊಂಡ ಸತ್ಯದ ತೂಕವಾದರೂ ಎಷ್ಟು? ಒಂದು ‘ಟಿ’ ಇದ್ದರೆ ಅಪಾಯ ಸುಮಾರು 1.4 ಪಟ್ಟು. ಪಟ್ಟು ಎಂಬ ಮಾತು ಹೆದರಿಸುತ್ತದೆ. ಶಾಲೆಯಲ್ಲಿ ಮಕ್ಕಳಿಗೆ ಬಿಡಿಸಿ ಹೇಳಿದಂತೆ ಲೆಕ್ಕ ಹಾಕಿದೆವು. ಆ ಅಕ್ಷರವಿಲ್ಲದ ನೂರು ಜನರಲ್ಲಿ ಹತ್ತು ಮಂದಿಗೆ ಶುಗರ್ ಬರುತ್ತದೆ ಎಂದು ಹಿಡಿದರೆ, ಒಂದು ‘ಟಿ’ ಇರುವ ನೂರು ಜನರಲ್ಲಿ ಹದಿಮೂರು ಹದಿನಾಲ್ಕು ಮಂದಿಗೆ ಬರುತ್ತದೆ. ಉಳಿದ ಎಂಬತ್ತಾರು ಮಂದಿಗೆ ‘ಟಿ’ ಇದ್ದೂ ಬರುವುದಿಲ್ಲ. ಇದಕ್ಕಿಂತ ಮುಖ್ಯವಾದ ಇನ್ನೊಂದು ಲೆಕ್ಕವಿದೆ, ವರದಿಯ ಕೆಂಪು ಅಕ್ಷರದವರು ಅದನ್ನು ದಪ್ಪಕ್ಷರದಲ್ಲಿ ಬರೆಯುವುದಿಲ್ಲ. ಭಾರತೀಯರ ವರ್ಣತಂತುಗಳಲ್ಲಿ ಈ ‘ಟಿ’ ನೂರಕ್ಕೆ ಮೂವತ್ತರ ಆಸುಪಾಸಿನಲ್ಲಿದೆ. ಪ್ರತಿಯೊಬ್ಬರಿಗೂ ಎರಡು ಪ್ರತಿ. ಎಂದರೆ ಹೆಚ್ಚುಕಡಿಮೆ ಅರ್ಧದಷ್ಟು ಜನ ಕನಿಷ್ಠ ಒಂದು ‘ಟಿ’ ಹೊತ್ತೇ ಓಡಾಡುತ್ತಿದ್ದಾರೆ.

ಅಂದರೆ ಹೆಣ್ಣು ನೋಡಲು ಬಂದವರು ಎಂಟು ಮಂದಿಯಾದರೆ ಅವರಲ್ಲಿ ನಾಲ್ವರ ಹತ್ತಿರವೂ ಆ ಅಕ್ಷರ ಇದ್ದೀತು. ಇದನ್ನು ಕೇಳಿದ ಅಕ್ಕ ನಮ್ಮನ್ನು ಕೇಳದೆಯೇ ಹುಡುಗನ ತಾಯಿಗೆ ಫೋನು ಮಾಡಿ, ‘ಹುಡುಗನ ಉಗುಳೂ ಕಳಿಸ್ರಿ ಯವ್ವಾ, ಜಾತಕ ಎರಡೂ ಕಡೀದು ಕೂಡಿಸಿ ನೋಡಬೇಕಲ್ಲ’ ಎಂದುಬಿಟ್ಟಳು. ಆ ಕಡೆಯಿಂದ ನಗು ಬಂತೋ ಸಿಟ್ಟು ಬಂತೋ ತಿಳಿಯದು. ಎರಡು ತಿಂಗಳು ಸುದ್ದಿಯಿಲ್ಲ, ಆಮೇಲೆ ಬೇರೆ ಕಡೆ ಗೊತ್ತಾಯಿತೆಂದು ಯಾರೋ ಹೇಳಿದರು. ಆ ಮನೆಯವರ ಮೇಲೆ ನಮಗೆ ಸಿಟ್ಟಿಲ್ಲ. ಹಿಂದೆ ಗ್ರಹ ಕೇಳುತ್ತಿದ್ದರು, ಈಗ ಅಕ್ಷರ ಕೇಳುತ್ತಾರೆ. ಎರಡಕ್ಕೂ ಹೊಟ್ಟೆಯೊಳಗಿನ ಭಯ ಒಂದೇ. ಆದರೆ ಮಗಳು ಆ ಎರಡು ತಿಂಗಳು ಊಟದ ತಾಟಿನ ಮುಂದೆ ಕುಳಿತು ತುತ್ತು ಎಣಿಸುತ್ತಿದ್ದುದನ್ನು ಕಂಡವರು ನಾವು.

ಹಾಗಾದರೆ ಮನೆತನದಲ್ಲಿ ಶುಗರ್ ಇರುವುದಕ್ಕೆ ಅರ್ಥವೇ ಇಲ್ಲವೇ? ಇದೆ, ಬಹಳ ಇದೆ. ಯುರೋಪಿನ ಎಂಟು ದೇಶಗಳ ಜನರನ್ನು ನೋಡಿ 2013ರಲ್ಲಿ ಹೊರಬಂದ ಇಂಟರ್‌ಆಕ್ಟ್ ಅಧ್ಯಯನದಲ್ಲಿ ಮನೆಯಲ್ಲಿ ಮಧುಮೇಹ ಇದ್ದವರಿಗೆ ಅಪಾಯ 2.7 ಪಟ್ಟು ಎಂದು ಕಂಡಿತು. ಒಂದು ‘ಟಿ’ಗಿಂತ ಎಷ್ಟೋ ಹೆಚ್ಚು. ಅಚ್ಚರಿಯೆಂದರೆ, ಆಗ ಗೊತ್ತಿದ್ದ 35 ಸಾಮಾನ್ಯ ವ್ಯತ್ಯಾಸಗಳನ್ನೆಲ್ಲ ಕೂಡಿಸಿದರೂ ಈ ಮನೆತನದ ಅಪಾಯದಲ್ಲಿ ಶೇಕಡಾ 2ರಷ್ಟನ್ನು ಮಾತ್ರ ವಿವರಿಸಲು ಆಯಿತು. ಆಮೇಲೆ ಶೋಧ ಎಲ್ಲಿಗೋ ಹೋಗಿದೆ. 2024ರಲ್ಲಿ 25 ಲಕ್ಷ ಜನರ ಮಾಹಿತಿ ಜಾಲಾಡಿ 611 ತಾಣಗಳನ್ನು ಗುರುತಿಸಿದರು. ಟಿಸಿಎಫ್7ಎಲ್2 ಮಾತ್ರ ಇಂದಿಗೂ ಸಾಮಾನ್ಯ ವ್ಯತ್ಯಾಸಗಳಲ್ಲಿ ಬಲಿಷ್ಠವಾದುದೇ, ಉಳಿದವು ಒಂದೊಂದೂ ಚಿಟಿಕೆ ಉಪ್ಪಿನಷ್ಟು. ಮನೆತನವೆಂದರೆ ಬರೀ ಅಕ್ಷರವಲ್ಲ, ಒಲೆಯೂ ಹೌದು, ಕುಳಿತುಕೊಳ್ಳುವ ಗಾದಿಯೂ ಹೌದು. (ರಕ್ತಸಂಬಂಧದಲ್ಲಿ ಮದುವೆಯಾದರೆ ಶುಗರ್ ಬರುತ್ತದೆಂದು ನಮ್ಮಲ್ಲಿ ಒಂದು ಮಾತಿದೆ. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ಮದುವೆಗಳಿಂದ ಹೆಚ್ಚುವುದು ಅಪರೂಪದ, ಎರಡೂ ಪ್ರತಿ ಕೆಟ್ಟಾಗ ಬರುವ ಕಾಯಿಲೆಗಳು. ಊರೆಲ್ಲ ತುಂಬಿರುವ ಈ ಕಾಯಿಲೆಯನ್ನು ಅದಕ್ಕೆ ಗಂಟು ಹಾಕುವುದು ಸರಿಯಲ್ಲ.)

ನಮ್ಮ ಒಲೆ ಬದಲಾದದ್ದು ನಮ್ಮ ಕಣ್ಣೆದುರೇ. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟು 1970ರ ದಶಕದ ಆರಂಭಕ್ಕೆ ಮುಗಿಯಿತು. ಜೋಳ, ಹತ್ತಿ, ಕಡಲೆ ಬೆಳೆಯುತ್ತಿದ್ದ ಎರೆಹೊಲಗಳ ಕೆಲವು ಪಾಲಿಗೆ ಕಾಲುವೆ ಬಂತು, ಕಬ್ಬು ಬಂತು. ಎಂ.ಕೆ. ಹುಬ್ಬಳ್ಳಿಯಲ್ಲಿ ಸಕ್ಕರೆ ಕಾರ್ಖಾನೆ ಎದ್ದಿತು. ಅಪ್ಪನ ಕಾಲದಲ್ಲಿ ಹೋಳಿಗೆ ವರ್ಷಕ್ಕೆ ನಾಲ್ಕು ಸಲ. ಎರಡು ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾದ ಹಿಂಡಿ, ಹೊಲಕ್ಕೆ ಹೋಗಿ ಬಂದರೆ ಆರು ಮೈಲಿ. ಅಣ್ಣ ಅಡತಿ ಅಂಗಡಿಯ ಗಾದಿಯ ಮೇಲೆ ಕುಳಿತ ಮೇಲೆ ನಡೆಯುವುದು ಅಂಗಡಿಯಿಂದ ಮೋಟರ್‌ಸೈಕಲ್ಲಿಗೆ. ಬಂದ ಗಿರಾಕಿಗೊಂದು ಚಹಾ, ಜೊತೆಗೆ ಅವನಿಗೂ ಒಂದು, ದಿನಕ್ಕೆ ಹನ್ನೆರಡು. ಅಕ್ಕ ಈಗಲೂ ಎಮ್ಮೆಗೆ ಹುಲ್ಲು ಕೊಯ್ಯಲು ತಾನೇ ಹೋಗುತ್ತಾಳೆ. ಒಂದೇ ಅವ್ವನ ಮಕ್ಕಳು. ಇಬ್ಬರಿಂದ ವಿಜ್ಞಾನದ ಸಿದ್ಧಾಂತ ಮಾಡಬಾರದು, ಅಕ್ಕನಿಗೆ ಆ ಅಕ್ಷರ ಬಂದೇ ಇಲ್ಲದಿರಬಹುದು. ಆದರೂ ನಮಗೆ ಎಮ್ಮೆಯ ಮೇಲೆ ನಂಬಿಕೆ ಜಾಸ್ತಿ.

ಬರಗಾಲದ ಕಥೆಯೂ ಒಂದಿದೆ. ಅಮೆರಿಕದ ಜೇಮ್ಸ್ ನೀಲ್ 1962ರಲ್ಲಿ ಹೇಳಿದ್ದು: ಹಸಿವಿನ ಯುಗಗಳಲ್ಲಿ ಸಿಕ್ಕದ್ದನ್ನು ಮೈಯಲ್ಲಿ ಕೂಡಿಟ್ಟುಕೊಳ್ಳಬಲ್ಲ ಜಿಪುಣ ವಂಶವಾಹಿ ಇದ್ದವರು ಉಳಿದರು, ಹೊಟ್ಟೆ ತುಂಬಿದ ಕಾಲದಲ್ಲಿ ಅದೇ ಅವರಿಗೆ ಶುಗರಾಗಿ ಮುಳುವಾಯಿತು. ಕೇಳಿದರೆ ನಮ್ಮ ಸೀಮೆಗೆ ಹೇಳಿ ಮಾಡಿಸಿದಂತಿದೆ. 1876ರಿಂದ 78ರವರೆಗಿನ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳು ನಲುಗಿಹೋಗಿದ್ದವು. ಆದರೆ ನಾಲ್ಕೈದು ತಲೆಮಾರಿನಲ್ಲಿ ಇಡೀ ಸೀಮೆಯ ಅಕ್ಷರಗಳು ಬದಲಾಗುವುದಿಲ್ಲ. ಸಿಕ್ಕಿರುವ ನೂರಾರು ತಾಣಗಳಲ್ಲಿ ಆ ಜಿಪುಣನ ಗುರುತು ಸ್ಪಷ್ಟವಾಗಿ ಕಂಡಿಲ್ಲ. ಒಳ್ಳೆಯ ಕಥೆ, ಅಷ್ಟೇ ಎಂದು ನಮಗನಿಸುತ್ತದೆ.

ಅದಕ್ಕಿಂತ ನಮ್ಮನ್ನು ಹಿಡಿದು ನಿಲ್ಲಿಸಿದ್ದು ನಮ್ಮದೇ ರಾಜ್ಯದ ಒಂದು ಹಳೆಯ ರಿಜಿಸ್ಟರು. ಮೈಸೂರಿನ ಮಂಡಿಮೊಹಲ್ಲಾದ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿದ್ದರು. ಬರೆದ ದಾದಿಯರಿಗೆ ಅದು ದಿನದ ಕೆಲಸ. ಆರು ದಶಕಗಳ ಮೇಲೆ ಇಂಗ್ಲೆಂಡಿನ ಸೌತಾಂಪ್ಟನ್ನಿನ ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ತಂಡ ಆ ಪುಟಗಳನ್ನು ತೆರೆದು, ಆ ಕೂಸುಗಳು ಈಗ ಎಲ್ಲಿದ್ದಾರೆಂದು ಮನೆಮನೆ ಹುಡುಕಿ, ನಡುವಯಸ್ಸು ದಾಟಿದ ಅವರ ರಕ್ತ ಪರೀಕ್ಷಿಸಿತು. ಇಂಗ್ಲೆಂಡಿನ ಹೇಲ್ಸ್ ಮತ್ತು ಬಾರ್ಕರ್ 1992ರಲ್ಲಿ, ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ಮುಂದೆ ಮಧುಮೇಹ ಹೆಚ್ಚು, ಗರ್ಭದಲ್ಲಿನ ಹಸಿವೇ ಅದರ ಮೂಲ ಎಂದಿದ್ದರು. 1998ರಲ್ಲಿ ಪ್ರಕಟವಾದ ಮೈಸೂರಿನ ಲೆಕ್ಕ ಬೇರೆ ಬಂತು. ಗಿಡ್ಡಗೆ, ದುಂಡಗೆ ಹುಟ್ಟಿದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಮಧುಮೇಹ ಹೆಚ್ಚಾಗಿತ್ತು. ಬಸುರಿಯಲ್ಲಿ ತಾಯಿಗೆ ಶುಗರ್ ಇದ್ದಿರಬಹುದೆ ಎಂಬ ಅನುಮಾನ ಹುಟ್ಟಿತು. ಆಗ ಅದನ್ನು ನೋಡುವ ರೂಢಿಯೇ ಇರಲಿಲ್ಲ.

ಅನುಮಾನವನ್ನು ಅಷ್ಟಕ್ಕೇ ಬಿಡದೆ ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಬಸುರಿ ಹೆಂಗಸರನ್ನು ಸೇರಿಸಿಕೊಂಡು ‘ಪಾರ್ಥೆನಾನ್’ ಎಂಬ ಅಧ್ಯಯನ ಹೂಡಿದರು. ಅವರಲ್ಲಿ ನೂರಕ್ಕೆ ಆರು ಮಂದಿಗೆ ಬಸುರಿಯಲ್ಲಿ ಶುಗರ್ ಏರಿತ್ತು. ಡಾ. ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು ಮಕ್ಕಳನ್ನು ವರ್ಷವರ್ಷವೂ ಕರೆದು ಅಳೆದರು. ಶುಗರ್ ಇದ್ದ ತಾಯಂದಿರ ಮಕ್ಕಳಲ್ಲಿ, ಮುಖ್ಯವಾಗಿ ಹೆಣ್ಣುಮಕ್ಕಳಲ್ಲಿ, ಐದನೇ ವರ್ಷಕ್ಕೇ ಚರ್ಮದಡಿಯ ಕೊಬ್ಬೂ ಇನ್ಸುಲಿನ್ನೂ ಹೆಚ್ಚು. ತಾಯಿಯಿಂದ ಮಗಳಿಗೆ ಶುಗರ್ ಬರಲು ಅಕ್ಷರವೇ ಬೇಕೆಂದಿಲ್ಲ, ಹೊಕ್ಕಳುಬಳ್ಳಿಯೂ ಸಾಕು. ‘ರಕ್ತದಾಗ ಐತಿ’ ಎನ್ನುವ ನಮ್ಮ ಜನರ ಮಾತಿಗೆ ಇಂಥದೊಂದು ಅರ್ಥವಿದ್ದೀತೆಂದು ನಾವು ಎಣಿಸಿರಲಿಲ್ಲ. ಅವ್ವ ನಾಲ್ವರನ್ನು ಹೆತ್ತದ್ದು ಮನೆಯಲ್ಲಿ. ಅವಳ ಬಸುರಿಯ ರಕ್ತವನ್ನು ಯಾರೂ ನೋಡಿಲ್ಲ, ಕೊನೆಯ ಬಸುರಿಗೆ ಶುಗರ್ ಇತ್ತೋ ಇಲ್ಲವೋ ಯಾವ ಉಗುಳಿನ ವರದಿಯೂ ಹೇಳಲಾರದು.

ಮಗಳ ವರದಿಯಿಂದ ಪೆಟ್ಟು ಬಿದ್ದದ್ದು ನಿಜವಾಗಿ ಅಣ್ಣನಿಗೆ. ‘ನಮ್ಮ ರಕ್ತದಾಗ ಬರದೈತಿ ಅಂದಮ್ಯಾಲ ಗುಳಿಗಿ ನುಂಗಿ ಏನ್ ಮಾಡೂದು?’ ಎಂದು ಗುಳಿಗೆ ಬಿಟ್ಟ. ಅತ್ತಿಗೆಗೂ ಹೇಳಲಿಲ್ಲ. ಮೂರು ತಿಂಗಳ ಮೇಲೆ ಕಾಲಿನ ಹೆಬ್ಬೆರಳಿಗೆ ಚಪ್ಪಲಿ ಕಚ್ಚಿದ ಗಾಯ ಮಾಯಲಿಲ್ಲ. ಏಳೂವರೆಯೊಳಗಿದ್ದ ಎಚ್‌ಬಿಎ1ಸಿ ಹತ್ತು ದಾಟಿತ್ತು. ಡಾಕ್ಟರರು ‘ಇನ್ನ ಹದಿನೈದು ದಿನ ಬಿಟ್ಟಿದ್ರ ಬೆರಳ ಹೋಗತಿತ್ತು ಸಾವಕಾರ್ರ’ ಎಂದರು. ಅಂಗಡಿಯ ಪಕ್ಕದಲ್ಲಿರುವ ಅವನ ಹಳೆಯ ಗೆಳೆಯರು, ಉರ್ದು ಶಾಲೆಯ ನಿವೃತ್ತ ಉಸ್ತಾದರು, ಅವನನ್ನು ನೋಡಲು ಬಂದರು. ಅಣ್ಣ ಹಣೆಬರಹ ಎಂದ. ಉಸ್ತಾದರು ಒಂಟೆಯನ್ನು ಮೊದಲು ಕಟ್ಟಿಹಾಕು, ಆಮೇಲೆ ದೇವರ ಮೇಲೆ ಭಾರ ಹಾಕು ಎಂಬ ಪ್ರವಾದಿಯವರ ಬುದ್ಧಿಮಾತು ನೆನಪಿಸಿ, ‘ನೀವು ಒಂಟಿ ಬಿಟ್ಟು ನಸೀಬಿಗೆ ಬೈಯಾಕತ್ತೀರಿ’ ಎಂದು ಬೈದರು. ನಾವು ಎಷ್ಟು ಹೇಳಿದರೂ ಕೇಳದವನು ಅವರ ಮಾತಿಗೆ ತಲೆ ತಗ್ಗಿಸಿದ.

ನಾವು ಹೇಳಿದ್ದು ಒಂದು ಲೆಕ್ಕ. ಅಮೆರಿಕದಲ್ಲಿ ಶುಗರಿನ ಗಡಿಯ ಮೇಲಿದ್ದ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಬೇರೆಬೇರೆ ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೆ 150 ನಿಮಿಷ ನಡಿಗೆ ಮತ್ತು ಪಥ್ಯ, ಇನ್ನೊಂದಕ್ಕೆ ಮೆಟ್‌ಫಾರ್ಮಿನ್ ಗುಳಿಗೆ, ಮತ್ತೊಂದಕ್ಕೆ ಸಪ್ಪೆ ಗುಳಿಗೆ ಕೊಟ್ಟಿದ್ದರು. 2002ರಲ್ಲಿ ಬಂದ ಫಲಿತಾಂಶದಲ್ಲಿ ನಡಿಗೆಯ ಗುಂಪಿನಲ್ಲಿ ಮಧುಮೇಹ ಶೇಕಡಾ 58ರಷ್ಟು ಕಡಿಮೆಯಾಗಿತ್ತು. 2006ರಲ್ಲಿ ಅದೇ ಜನರ ಟಿಸಿಎಫ್7ಎಲ್2 ನೋಡಿದರು. ಎರಡೂ ಪ್ರತಿಯಲ್ಲಿ ‘ಟಿ’ ಇದ್ದವರಿಗೆ ಸಪ್ಪೆ ಗುಳಿಗೆಯ ಗುಂಪಿನಲ್ಲಿ ಅಪಾಯ ಶೇಕಡಾ 80ರಷ್ಟು ಹೆಚ್ಚು. ನಡೆದವರ ಗುಂಪಿನಲ್ಲಿ ಅದೇ ‘ಟಿ’ಯವರಿಗೆ ಹೆಚ್ಚಳ ಶೇಕಡಾ 15ರಷ್ಟು ಮಾತ್ರ. ಅಕ್ಷರ ಅದೇ, ಕಾಲು ಆಡಿದವರಲ್ಲಿ ಅದರ ಸದ್ದಡಗಿತ್ತು. ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಅವರು ನಮ್ಮವರ ಮೇಲೆ ಮಾಡಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಲಾಭ ಅಷ್ಟು ದೊಡ್ಡದಲ್ಲ. ಮೂರು ವರ್ಷದಲ್ಲಿ ಸುಮ್ಮನಿದ್ದವರಲ್ಲಿ ನೂರಕ್ಕೆ 55 ಮಂದಿಗೆ, ನಡಿಗೆ-ಪಥ್ಯದವರಲ್ಲಿ 39 ಮಂದಿಗೆ ಮಧುಮೇಹ ಬಂತು. ಹದಿನಾರು ಮಂದಿ ಉಳಿದರು. ಅಡತಿಯವನಾದ ಅಣ್ಣನಿಗೆ ನೂರಕ್ಕೆ ಹದಿನಾರರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಈ ಎರಡೂ ಲೆಕ್ಕ ಶುಗರ್ ಇನ್ನೂ ಬರದವರದು, ಅವನಿಗೆ ಬಂದಾಗಿದೆ ಎಂಬುದೂ ಅವನಿಗೆ ಗೊತ್ತು. ಗುಳಿಗೆ ಮತ್ತೆ ಶುರುವಾಗಿದೆ, ಚಹಾ ನಾಲ್ಕಕ್ಕೆ ಇಳಿದಿದೆ, ಸಕ್ಕರೆ ಇಲ್ಲ.

ಜೀನ್ ಪರೀಕ್ಷೆಯೇ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಹುಟ್ಟಿದ ಆರು ತಿಂಗಳೊಳಗೆ ಮಧುಮೇಹ ಬಂದ ಕೂಸುಗಳಲ್ಲಿ ಒಂದೇ ವಂಶವಾಹಿಯ ಅಪರೂಪದ ದೋಷವಿರುತ್ತದೆ; ಅದನ್ನು ಪತ್ತೆ ಮಾಡಿದರೆ ಕೆಲವು ಮಕ್ಕಳಿಗೆ ಇನ್ಸುಲಿನ್ ಸೂಜಿ ಬಿಡಿಸಿ ಗುಳಿಗೆ ಕೊಡಬಹುದೆಂದು 2006ರಲ್ಲೇ ತೋರಿಸಿದ್ದಾರೆ. ಅಲ್ಲಿ ಪರೀಕ್ಷೆ ವರವೇ. ನಮ್ಮ ಜನರ ಅಕ್ಷರಗಳನ್ನು ಓದುವ ಕೆಲಸವೂ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ಇಪ್ಪತ್ತು ಸಂಸ್ಥೆಗಳು ಕೂಡಿ ಹತ್ತು ಸಾವಿರ ಭಾರತೀಯರ ಪೂರ್ಣ ಗ್ರಂಥ ಓದಿ, 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಟ್ಟಿವೆ. ಯುರೋಪಿನವರ ಮೇಲೆ ಕಟ್ಟಿದ ಲೆಕ್ಕವನ್ನು ನಮ್ಮ ಮಕ್ಕಳ ಮೇಲೆ ಹೇರಿ ಕೆಂಪು ಶಾಯಿ ಬಳಿಯುವುದು ಇದರಿಂದ ಕಡಿಮೆಯಾದೀತು.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ದರ್ಜಿಯ ಟೇಪು. ಚೆನ್ನೈಯ ಡಾ. ವಿ. ಮೋಹನ್ ಅವರ ಸಂಸ್ಥೆ 2005ರಲ್ಲಿ ರೂಪಿಸಿದ ಅಂಕಪಟ್ಟಿಯಲ್ಲಿ ನಾಲ್ಕೇ ಪ್ರಶ್ನೆ: ವಯಸ್ಸು, ಸೊಂಟದ ಸುತ್ತಳತೆ, ಮೈಬಗ್ಗಿಸುವ ಕೆಲಸ, ತಂದೆತಾಯಿಗೆ ಶುಗರ್ ಇದೆಯೇ ಎಂಬುದು. ನೂರಕ್ಕೆ ಅರವತ್ತು ಬಂದರೆ ಅಪಾಯ ಹೆಚ್ಚು, ಮೂವತ್ತರೊಳಗಾದರೆ ಕಡಿಮೆ. ತಂದೆತಾಯಿಯರಲ್ಲಿ ಒಬ್ಬರಿಗಿದ್ದರೆ ಹತ್ತು ಅಂಕ, ಇಬ್ಬರಿಗೂ ಇದ್ದರೆ ಇಪ್ಪತ್ತು. ಕೆಲಸವಿಲ್ಲದೆ ಕೂತವರಿಗೆ ಮೂವತ್ತು. ಕೂತದ್ದಕ್ಕೆ ಮನೆತನಕ್ಕಿಂತ ಹೆಚ್ಚು ಅಂಕವಿರುವುದನ್ನು ನೋಡಿ ಮಗಳು ಮೊದಲ ಸಲ ಆ ವರದಿಯನ್ನು ಮಡಿಚಿ ಕಪಾಟಿನಲ್ಲಿಟ್ಟಳು. ಅವಳದು ಮೂವತ್ತಾಯಿತು. ಮಧ್ಯದ ಪಟ್ಟಿಯ ಮೊದಲ ಮೆಟ್ಟಿಲು.

ಕಳೆದ ಶ್ರಾವಣದಲ್ಲಿ ಎಲ್ಲರೂ ತಂಗಿಯ ಮನೆಯಲ್ಲಿ ಕೂಡಿದ್ದೆವು. ಟೇಪು ಹಿಡಿದು ಒಬ್ಬೊಬ್ಬರ ಸೊಂಟ ಅಳೆಯುವುದೇ ಒಂದು ಮೋಜಾಯಿತು. ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಹತ್ತು ಅಂಕ, 90 ಮುಟ್ಟಿದರೆ ಇಪ್ಪತ್ತು. ಅಕ್ಕನದು 76. ತಂಗಿ ಕೊನೆಗೂ ಒಪ್ಪಿದಾಗ 93 ಇತ್ತು. ಮೊದಲು ಅವರ ಮನೆಯಲ್ಲಿ ಕುಣಿಮಗ್ಗ. ಹಗಲೆಲ್ಲ ಎರಡು ಕಾಲೂ ತುಳಿಯುತ್ತಿದ್ದವು, ಕೈ ಲಾಳಿ ಎಸೆಯುತ್ತಿತ್ತು. ಈಗ ನಾಲ್ಕು ಪವರ್‌ಲೂಮು. ಗುಂಡಿ ಒತ್ತಿ ಸ್ಟೂಲಿನ ಮೇಲೆ ಕುಳಿತು ನೂಲು ಹರಿದರೆ ಎದ್ದು ಗಂಟು ಹಾಕುವುದಷ್ಟೇ ಕೆಲಸ. ‘ಹಳೇ ಮಗ್ಗ ಅಟ್ಟದ ಮ್ಯಾಲ ಐತಿ, ಇಳಿಸ್ಲ್ಯಾ?’ ಎಂದು ತಂಗಿಯ ಗಂಡ ನಕ್ಕರು. ಇಳಿಸಲಿಲ್ಲ, ಅದರ ಸೀರೆಗೆ ಗಿರಾಕಿ ಇಲ್ಲ. ಬದಲಿಗೆ ಅವಳು ಸಂಜೆ ಕರೆಂಟು ಹೋದ ಹೊತ್ತಿಗೆ ನೆರೆಯ ಇಬ್ಬರು ಹೆಂಗಸರನ್ನು ಕರೆದುಕೊಂಡು ಮಲಪ್ರಭೆಯ ದಂಡೆಯವರೆಗೆ ಹೋಗಿ ಬರುತ್ತಾಳೆ. ಕರೆಂಟು ಹೋಗದ ದಿನ ಹೋಗುವುದಿಲ್ಲವೆಂದು ಅವಳ ಮಗನ ದೂರು. ಬರುವ ಸೋಮವಾರ ಅವಳ ರಕ್ತ ಮತ್ತೆ ತೋರಿಸಬೇಕು.